ನಾಲ್ಕನೆಯ ಪದಕ

ಹಾಡು ಹಾಕುವ ಕೆಲಸ ನನ್ನ ಪಾಲಿಗೆ ಬಂದದ್ದು ಅಕ್ಕನ ಕೃಪೆಯಿಂದ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಅವಳ ಮನೆಯಲ್ಲಿ ನಾನು ಬಾಡಿಗೆ ಕೊಡದೆ ಇದ್ದ ಕಾಲ ಅದು. ಬಾಡಿಗೆಯ ಬದಲು ಒಂದು ಒಪ್ಪಂದವಿತ್ತು. ಬೆಳಗಿನ ಜಾವ ಎದ್ದು ಅವಳ ಮಗಳನ್ನು ಐಸ್ ರಿಂಕಿಗೆ ಕರೆದುಕೊಂಡು ಹೋಗಬೇಕು, ಅಭ್ಯಾಸ ಮುಗಿದ ಮೇಲೆ ಶಾಲೆಗೆ ಬಿಡಬೇಕು, ಆಮೇಲೆ ನನ್ನ ಆಫೀಸು. ಅಕ್ಕನಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಭಾವ ತಿಂಗಳಲ್ಲಿ ಅರ್ಧದಷ್ಟು ದಿನ ವಿಮಾನದಲ್ಲೇ ಇರುತ್ತಿದ್ದರು. ಹೀಗಾಗಿ ಸೋದರಮಾವನಾದವನಿಗೆ ಶಾಸ್ತ್ರದಲ್ಲಿ ಹೇಳದ ಕರ್ತವ್ಯಗಳೆಲ್ಲ ನನಗೆ ಬಂದವು.

ಆ ವರ್ಷ ಫಿಗರ್ ಸ್ಕೇಟಿಂಗಿನ ಸೆಂಟ್ರಲ್ ಪೆಸಿಫಿಕ್ ಪ್ರಾದೇಶಿಕ ಸ್ಪರ್ಧೆ ನಮ್ಮ ಕಡೆಯೇ ಬಿತ್ತು. ನಡೆಸಿಕೊಡುವುದಕ್ಕೆ ಜನ ಬೇಕು, ಪ್ರತಿ ಮನೆಯಿಂದ ಒಬ್ಬರಾದರೂ ನಿಲ್ಲಿ ಎಂದು ಕ್ಲಬ್ಬಿನವರು ಹೇಳಿ ಕಳಿಸಿದಾಗ ಅಕ್ಕನೂ ಭಾವನೂ ಒಟ್ಟಿಗೆ ನನ್ನ ಮುಖ ನೋಡಿದರು.

"ನಿಂಗೆ ಸಂಗೀತ ಗೊತ್ತಲ್ಲ, ಮ್ಯೂಸಿಕ್ ಡೆಸ್ಕಿಗೆ ನಿನ್ನ ಹೆಸರು ಬರೆಸಿದ್ದೀನಿ" ಅಂದಳು ಅಕ್ಕ.

ನನಗೆ ಗೊತ್ತಿದ್ದ ಸಂಗೀತವೆಂದರೆ ಮೈಸೂರಿನ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದು. ಸಿ.ಡಿ. ಹಾಕಿ ಗುಂಡಿ ಒತ್ತುವುದಕ್ಕೆ ಅಷ್ಟು ಸಾಕು ಎಂದು ಒಪ್ಪಿಕೊಂಡೆ.

ಈ ಪ್ರಾದೇಶಿಕ ಸ್ಪರ್ಧೆ ಎಂದರೆ ಏನು ಎಂದು ಊರಿನವರು ಕೇಳಿದಾಗ ನಾನು ಕೊಡುತ್ತಿದ್ದ ಉತ್ತರ ಒಂದೇ: ನಮ್ಮ ಶಾಲೆಗಳ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟದ ಕ್ರೀಡಾಕೂಟಗಳ ಹಾಗೆ. ಹೈಸ್ಕೂಲಿನಲ್ಲಿ ಖೋ ಖೋ ತಂಡದ ಹೆಚ್ಚುವರಿ ಆಟಗಾರನಾಗಿ ವಿಭಾಗ ಮಟ್ಟದ ತನಕ ಹೋಗಿ, ಒಂದು ಸಲವೂ ಅಂಕಣಕ್ಕಿಳಿಯದೆ ಚಪಾತಿ ಸಾಗು ತಿಂದು ಬಂದವನು ನಾನು. ಆದ್ದರಿಂದ ಈ ಏಣಿ ನನಗೆ ಬೇಗ ಅರ್ಥವಾಯಿತು. ಆಗ ಅಮೆರಿಕ ದೇಶವನ್ನು ಫಿಗರ್ ಸ್ಕೇಟಿಂಗ್ ಸಲುವಾಗಿ ಒಂಬತ್ತು ಪ್ರದೇಶಗಳಾಗಿ ಹಂಚಿದ್ದರು. ಮೂರು ಮೂರು ಪ್ರದೇಶ ಸೇರಿ ಒಂದು ವಿಭಾಗ. ಅಕ್ಟೋಬರಿನಲ್ಲಿ ಪ್ರಾದೇಶಿಕ, ನವೆಂಬರಿನಲ್ಲಿ ವಿಭಾಗ, ಜನವರಿಯಲ್ಲಿ ರಾಷ್ಟ್ರೀಯ. ಪ್ರತಿ ಮೆಟ್ಟಿಲಿನಲ್ಲೂ ಮೊದಲ ನಾಲ್ವರು ಮೇಲಕ್ಕೆ ಹೋಗುತ್ತಿದ್ದರು. ಐದನೆಯವರು ಮನೆಗೆ. ಬೇರೆ ಆಟಗಳಲ್ಲಿ ಚಿನ್ನ, ಬೆಳ್ಳಿ, ಕಂಚಿಗೆ ಪದಕ ಮುಗಿದರೆ ಅಮೆರಿಕದ ಸ್ಕೇಟಿಂಗಿನಲ್ಲಿ ನಾಲ್ಕನೆಯವರಿಗೂ ಒಂದು ಪದಕವಿದೆ: ಪ್ಯೂಟರ್, ಅಂದರೆ ತವರದ ಮಿಶ್ರಲೋಹದ್ದು. ಹಳೆಯ ಪಾತ್ರೆಯ ತಳದ ಬಣ್ಣ. ಆ ಮಂಕು ಪದಕಕ್ಕೆ ಜೀವ ಬಿಡುವ ಹುಡುಗಿಯರನ್ನು ನೋಡಿದ್ದೇನೆ.

ಸೀನಿಯರ್, ಜೂನಿಯರ್ ವಿಚಾರದಲ್ಲಿ ಮಾತ್ರ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ಕೂಟಗಳಲ್ಲಿ ವಯಸ್ಸು ನೋಡುತ್ತಾರೆ, ನಿಜ. ಆದರೆ ಅಮೆರಿಕದ ಒಳಗೆ ನಡೆಯುವ ಸ್ಪರ್ಧೆಗಳಲ್ಲಿ ಮಗು ಯಾವ ಪರೀಕ್ಷೆ ಪಾಸು ಮಾಡಿದೆ ಎಂಬುದೇ ಮುಖ್ಯ. ಸೀನಿಯರ್ ಪರೀಕ್ಷೆ ಮುಗಿಸಿದ 13 ವರ್ಷದ ಪುಟಾಣಿ ಸೀನಿಯರ್. ಇನ್ನೂ ಮುಗಿಸದ 18 ವರ್ಷದ, ಕಾರು ಓಡಿಸಿಕೊಂಡು ಬರುವ ಹುಡುಗಿ ಜೂನಿಯರ್. 2019ರ ಜನವರಿಯಲ್ಲಿ ಡೆಟ್ರಾಯಿಟಿನಲ್ಲಿ ನಮ್ಮ ಕೊಲ್ಲಿ ಸೀಮೆಯ (ಬೇ ಏರಿಯಾದ) ಅಲಿಸಾ ಲಿಯು 13ನೇ ವಯಸ್ಸಿಗೇ ಸೀನಿಯರ್ ರಾಷ್ಟ್ರೀಯ ಪಟ್ಟ ಗೆದ್ದಳು. ವಯಸ್ಸು ಸಾಲದೆ ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೋಗುವಂತಿರಲಿಲ್ಲ. ಮುಂದೆ ಆಟ ಬಿಟ್ಟು, ಮತ್ತೆ ಬಂದು, 2025ರಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ಪಟ್ಟವನ್ನೂ ಗೆದ್ದಳು, ಅದು ಬೇರೆ ಕತೆ. ನಾನು ಹೇಳಹೊರಟಿದ್ದು, ಪ್ರಾದೇಶಿಕ ಕೂಟದ ಸೀನಿಯರ್ ಗುಂಪಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಗುವಿನ ಪಕ್ಕದಲ್ಲೇ ಕಾಲೇಜಿಗೆ ಅರ್ಜಿ ಹಾಕುತ್ತಿದ್ದವಳು ವಾರ್ಮಪ್ ಮಾಡುತ್ತಿರುತ್ತಿದ್ದಳು, ಇಬ್ಬರಿಗೂ ಬೇಕಾದದ್ದು ಅದೇ ನಾಲ್ಕು ಜಾಗದಲ್ಲಿ ಒಂದು.

ನಮ್ಮ ಹುಡುಗಿ ಜೂನಿಯರ್. ಎತ್ತರ ಬೆಳೆದಿದ್ದಳು, ಅದೇ ಅವಳ ತೊಂದರೆ. ಎತ್ತರವಾದಂತೆಲ್ಲ ಗಾಳಿಯಲ್ಲಿ ಮೂರು ಸುತ್ತು ಸುತ್ತುವುದು ಕಷ್ಟ. ಹಿಂದಿನ ವರ್ಷ ಬರುತ್ತಿದ್ದ ಜಂಪುಗಳು ಈ ವರ್ಷ ಕೈಕೊಡುತ್ತವೆ. ಬೆಳಗ್ಗೆ ಆರಕ್ಕೆ ರಿಂಕಿನ ತಗಡಿನ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನಾನು ಕಣ್ಣಾರೆ ನೋಡುತ್ತಿದ್ದೆ. ಒಂದೇ ಜಂಪು, ಲುಟ್ಜ್. ಹಿಂದುಹಿಂದಕ್ಕೆ ಉದ್ದವಾಗಿ ಜಾರಿ ಬಂದು, ಎಡಗಾಲಿನ ಬ್ಲೇಡಿನ ಹೊರ ಅಂಚಿನ ಮೇಲೆ ವಾಲಿ, ಬಲಗಾಲಿನ ಬ್ಲೇಡಿನ ಮೂತಿಯಲ್ಲಿರುವ ಹಲ್ಲುಗಳನ್ನು ಐಸಿಗೆ ಕುಟ್ಟಿ ಏಳುವುದು. ಜಾರಿಬರುವ ಕಮಾನು ಒಂದು ಕಡೆಗೆ, ಸುತ್ತು ಅದಕ್ಕೆ ವಿರುದ್ಧ. ದೇಹ ಒಪ್ಪದ ಕೆಲಸ. ಬಿದ್ದಾಗ ಸೊಂಟದ ಪಕ್ಕಕ್ಕೇ ಬೀಳುವುದು, ಮತ್ತೆ ಅದೇ ಜಾಗಕ್ಕೆ. ಅವಳ ಬಲ ತೊಡೆಯ ಮೇಲಿನ ಕಪ್ಪು ನೀಲಿ ಗುರುತು ಆ ಋತುವಿನಲ್ಲಿ ಮಾಯಲೇ ಇಲ್ಲ. ಅಕ್ಕ ನೋಡಿದರೆ ಅರಿಶಿನ ಹಚ್ಚುತ್ತಾಳೆ, ಹಚ್ಚಿದರೆ ಬೀಜ್ ಬಣ್ಣದ ಟೈಟ್ಸ್ ಹಳದಿಯಾಗುತ್ತದೆ ಎಂದು ಮಗಳು ತೋರಿಸುತ್ತಲೇ ಇರಲಿಲ್ಲ.

ಖರ್ಚಿನ ಮಾತು ಆಡದೆ ಈ ಆಟದ ಬಗ್ಗೆ ಬರೆಯುವವರನ್ನು ನಾನು ನಂಬುವುದಿಲ್ಲ. ಬೂಟು ಬೇರೆ, ಬ್ಲೇಡು ಬೇರೆ. ಎರಡನ್ನೂ ಕೊಂಡು ಜೋಡಿಸಬೇಕು, ಒಟ್ಟು ಸಾವಿರ ಡಾಲರ್ ದಾಟುತ್ತಿತ್ತು, ಬೆಳೆಯುವ ಕಾಲಿಗೆ ಅದು ಎಷ್ಟು ದಿನ ಬಂದೀತು? ಕೋಚಿಗೆ ಗಂಟೆಯ ಲೆಕ್ಕ, ಐಸಿಗೆ ಬೇರೆ ಲೆಕ್ಕ, ನೃತ್ಯ ಜೋಡಿಸಿಕೊಡುವವರಿಗೆ ಬೇರೆ, ಬ್ಲೇಡು ಸಾಣೆ ಹಿಡಿಸುವುದಕ್ಕೆ ಬೇರೆ. ಕಲ್ಲು ಅಂಟಿಸಿದ ಉಡುಪಿನ ಬೆಲೆ ಕೇಳಿ ಭಾವ ಒಂದು ಸಲ, "ಈ ದುಡ್ಡಲ್ಲಿ ಊರಲ್ಲಿ ಒಂದು ಮದುವೆ ಸೀರೆ ಬರ್ತಿತ್ತಲ್ಲೋ" ಅಂದಿದ್ದರು. ಕಲ್ಲುಗಳನ್ನು ಕೊನೆಗೆ ಅಕ್ಕನೇ ರಾತ್ರಿ ಪಾಳಿ ಮುಗಿಸಿ ಬಂದು ಅಂಟಿಸಿದಳು.

ಆದರೆ ರಿಂಕಿನಲ್ಲಿ ಹಳಬರು ಹೇಳುತ್ತಿದ್ದ ಕತೆ ಇನ್ನೊಂದು. ಪೂರ್ವ ಸ್ಯಾನ್ ಹೋಸೆಯ ರೂಡಿ ಗ್ಯಾಲಿಂಡೊ, ಲಾರಿ ಚಾಲಕನ ಮಗ, ಟ್ರೈಲರ್ ಮನೆಯಲ್ಲಿ ಬೆಳೆದವನು. ಫ್ರೀಮಾಂಟಿನ ಕ್ರಿಸ್ಟಿ ಯಾಮಾಗುಚಿಯ ಜೊತೆ ಜೋಡಿ ಸ್ಕೇಟಿಂಗಿನಲ್ಲಿ 1989 ಮತ್ತು 1990ರ ರಾಷ್ಟ್ರೀಯ ಪಟ್ಟ ಗೆದ್ದ. ಅವಳು ಒಂಟಿ ಸ್ಪರ್ಧೆಯನ್ನೇ ಆರಿಸಿಕೊಂಡು 1992ರಲ್ಲಿ ಒಲಿಂಪಿಕ್ ಚಿನ್ನ ತಂದಳು. ಇವನು ಹಿಂದೆ ಬಿದ್ದ. ಕೋಚಿಗೆ ಕೊಡಲು ದುಡ್ಡಿಲ್ಲದೆ ಅಕ್ಕನೇ ಕೋಚು. 1996ರಲ್ಲಿ ರಾಷ್ಟ್ರೀಯ ಕೂಟ ಅವನ ಸ್ವಂತ ಊರಿಗೇ ಬಂದಾಗ 'ಸ್ವಾನ್ ಲೇಕ್' ಸಂಗೀತಕ್ಕೆ ಆಡಿ, 26ನೇ ವಯಸ್ಸಿನಲ್ಲಿ ಎಲ್ಲರನ್ನೂ ಹಿಂದಿಕ್ಕಿದ. ಅಕ್ಕ ಕೋಚು ಎಂಬ ಭಾಗ ಬಂದಾಗಲೆಲ್ಲ ನಮ್ಮಕ್ಕ ನನ್ನ ಕಡೆ ನೋಡುತ್ತಿದ್ದಳು, ನೋಡು ಅಕ್ಕ ಅಂದರೆ ಏನು ಎಂಬ ಹಾಗೆ.

ಸಂಗೀತದ ಮೇಜಿನ ಕೆಲಸ ಹೊರಗಿನಿಂದ ಕಂಡಷ್ಟು ಹಗುರವಲ್ಲ. ಪ್ರತಿ ಸ್ಕೇಟರ್ ತನ್ನ ಸಿ.ಡಿ.ಯ ಎರಡೆರಡು ಪ್ರತಿ ತರಬೇಕಿತ್ತು, ಒಂದು ನಮಗೆ, ಒಂದು ಕೋಚಿನ ಕೋಟಿನ ಜೇಬಿಗೆ. ಒಂದು ಸಿ.ಡಿ.ಯಲ್ಲಿ ಒಂದೇ ಹಾಡು. ಮೇಲೆ ಕಾಗದದ ಲೇಬಲ್ ಅಂಟಿಸುವಂತಿರಲಿಲ್ಲ, ಅಂಟು ಬಿಟ್ಟರೆ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಮಾರ್ಕರಿನಲ್ಲಿ ಹೆಸರು, ಗುಂಪು, ನಿಮಿಷ ಸೆಕೆಂಡು ಬರೆದಿರಬೇಕಿತ್ತು. ಚೀಟಿ ಎತ್ತಿದ ಕ್ರಮದಲ್ಲಿ ಅವನ್ನು ಚಪ್ಪಲಿ ಪೆಟ್ಟಿಗೆಯೊಂದರಲ್ಲಿ ಜೋಡಿಸಿಕೊಳ್ಳುವುದು. ಯಾರಾದರೂ ಹಿಂದೆ ಸರಿದರೆ ತೆಗೆದು ಬದಿಗಿಡುವುದು. ಹುಡುಗಿ ನಡುವಂಗಳಕ್ಕೆ ಹೋಗಿ ಭಂಗಿಯಲ್ಲಿ ನಿಂತು ಅಲುಗಾಡುವುದನ್ನು ನಿಲ್ಲಿಸಿದ ಮೇಲೆ ಗುಂಡಿ ಒತ್ತುವುದು. ಕೆಲವರು ನಿಂತ ಮೇಲೂ ಉಸಿರು ಎಳೆದುಕೊಳ್ಳುತ್ತಾರೆ, ಬೆರಳು ನೇರ ಮಾಡಿಕೊಳ್ಳುತ್ತಾರೆ. ಆ ಉಸಿರು ಹೊರಗೆ ಬಿಡುವ ತನಕ ಕಾಯಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ, ಮೊದಲ ಬೆಳಗಿನಲ್ಲೇ ತಾನಾಗಿ ಬಂತು.

ಆಗಿನ್ನೂ ಮಾತಿರುವ ಹಾಡಿಗೆ ಒಂಟಿ ಸ್ಪರ್ಧೆಯಲ್ಲಿ ಅವಕಾಶವಿರಲಿಲ್ಲ. 2014ರ ಋತುವಿನಿಂದ ಬಂತು. ಹಾಗಾಗಿ ಎಲ್ಲರೂ ವಾದ್ಯಸಂಗೀತದ ಅದೇ ಹತ್ತು ಹನ್ನೆರಡು ಕೃತಿಗಳಿಗೆ ಮುಗಿಬೀಳುತ್ತಿದ್ದರು. ಕಾರ್ಮೆನ್, ಸ್ವಾನ್ ಲೇಕ್, ಟುರಂಡೊ, ಶೆಹರಜಾದೆ. ಕಾರ್ಮೆನ್ ಅಂತೂ ಮಧ್ಯಾಹ್ನದೊಳಗೆ ಬಾಯಿಪಾಠ. ಮೂಲದಲ್ಲಿ ಗಂಟೆಗಟ್ಟಲೆ ಬೆಳೆಯುವುದನ್ನು ಮೂರೂವರೆ ನಿಮಿಷಕ್ಕೆ ಕತ್ತರಿಸಿ, ಜೋರು, ನಿಧಾನ, ಮತ್ತೆ ಜೋರು ಎಂದು ಅಂಟಿಸಿರುತ್ತಾರೆ. ರಾಗ ಬಿಚ್ಚಿಕೊಳ್ಳುವುದನ್ನು ಕಾದು ಕೂರುವ ಕಿವಿಗೆ ಇದು ಹಿಂಸೆ. ಆದರೆ ಆ ನಿಧಾನದ ತುಂಡು ಬರುವುದು ಹುಡುಗಿ ಉಸಿರು ಹಿಡಿಯಲಿ ಎಂದು, ಕೊನೆಯ ಜೋರು ಬರುವುದು ಕಾಲು ಸೋತಾಗ ಜನರ ಚಪ್ಪಾಳೆ ಸಿಗಲಿ ಎಂದು, ಇದು ತಿಳಿದ ಮೇಲೆ ಕತ್ತರಿ ಹಾಕಿದವರ ಮೇಲಿನ ಸಿಟ್ಟು ಇಳಿಯಿತು.

ನಮ್ಮ ಹುಡುಗಿಗೆ ಭಾರತೀಯ ಸಂಗೀತ ಹಾಕೋಣ ಎಂದು ಯಾರೋ ಸಲಹೆ ಕೊಟ್ಟಿದ್ದರು. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಮೆರಿಲ್ ಡೇವಿಸ್, ಚಾರ್ಲಿ ವೈಟ್ ಜೋಡಿ ಬಾಲಿವುಡ್ ಹಾಡಿಗೆ ಕುಣಿದು ಬೆಳ್ಳಿ ತಂದದ್ದು ಎಲ್ಲರ ನೆನಪಿನಲ್ಲಿತ್ತು. ಅವಳು ಕಾರಿನಲ್ಲಿ ಸೀಟು ಹಿಂದಕ್ಕೆ ಮಾಡಿಕೊಂಡು, "ಮಾಮಾ, ನಾನು ಇಂಡಿಯನ್ ಅಂತ ನನ್ ಮುಖ ನೋಡಿದ್ರೆ ಗೊತ್ತಾಗಲ್ವಾ ಅವ್ರಿಗೆ? ಹಾಡಲ್ಲೂ ಹೇಳ್ಬೇಕಾ?" ಅಂದಳು. ರಾಖ್ಮನಿನೋವ್‌ನ ಎರಡನೇ ಪಿಯಾನೊ ಕನ್ಚರ್ಟೊ ಆರಿಸಿಕೊಂಡಳು. ಗಂಟೆ ಬಾರಿಸಿದ ಹಾಗೆ ಪಿಯಾನೊ ಶುರುವಾಗುವ ಆ ತುಣುಕನ್ನು ಹೆದ್ದಾರಿ 880ರಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು.

ಕೂಟದ ದಿನ ರಿಂಕಿನ ಒಳಗೆ ಹೇರ್ ಸ್ಪ್ರೇ ವಾಸನೆ. ಆಸನಗಳಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಅಪ್ಪ, ಅಮ್ಮ, ಅಜ್ಜಿಯರು. ಚೀನೀ, ಜಪಾನಿ, ಕೊರಿಯನ್, ರಷ್ಯನ್ ಮಾತುಗಳ ಮಧ್ಯೆ ನಮ್ಮದೊಂದು ಕನ್ನಡ. ಜಡ್ಜುಗಳಿಗೆ ಸಂಬಳವಿಲ್ಲ, ಅದು ನನಗೆ ಆಶ್ಚರ್ಯ ತಂದ ಸಂಗತಿ. ಬೇರೆ ಬೇರೆ ಉದ್ಯೋಗದಲ್ಲಿ ಇರುವವರು ರಜೆ ಹಾಕಿ ಬಂದು, ಬೆಳಗಿನಿಂದ ರಾತ್ರಿಯ ತನಕ ಕಂಬಳಿ ಹೊದ್ದು ಚಳಿಯಲ್ಲಿ ಕೂತಿರುತ್ತಾರೆ. ಊಟ, ವಸತಿ ನೋಡಿಕೊಳ್ಳುವುದು ನಡೆಸುವ ಕ್ಲಬ್ಬಿನ ಕೆಲಸ. ಅಕ್ಕ ಒಂದು ದೊಡ್ಡ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಬಿಸಿಬೇಳೆಬಾತ್ ತಂದು ಅವರ ಊಟದ ಕೋಣೆಯಲ್ಲಿಟ್ಟಳು, ಖಾರ ಅರ್ಧ ಮಾಡಿ. ಮಧ್ಯಾಹ್ನ ಮೂರಕ್ಕೆ ನಾನು ಹೋಗಿ ನೋಡಿದಾಗ ತಳದಲ್ಲಿ ಒಂದು ಗೋಡಂಬಿ ಉಳಿದಿತ್ತು. "ಇದರಿಂದ ಮಾರ್ಕ್ಸ್ ಏನೂ ಜಾಸ್ತಿ ಬರಲ್ಲ ಕಣೋ" ಅಂದಳು ಅಕ್ಕ, ಆದರೂ ಮಾರನೆಯ ದಿನ ಪುಳಿಯೋಗರೆ ತಂದಳು.

ನನ್ನ ಮೇಜು ಐಸಿನ ಪಕ್ಕದಲ್ಲೇ, ಹೆಸರು ಕೂಗುವವರ ಎಡಕ್ಕೆ. ಜಡ್ಜುಗಳ ಸಾಲಿನ ಹಿಂದೆ ಎತ್ತರದಲ್ಲಿ ತಾಂತ್ರಿಕ ತಂಡ. ಅವರಲ್ಲೊಬ್ಬರು ಪ್ರತಿ ಜಂಪು, ಪ್ರತಿ ಸ್ಪಿನ್ ಯಾವುದೆಂದು ಮೈಕಿನಲ್ಲಿ ಗುನುಗುತ್ತಿರುತ್ತಾರೆ, ಇನ್ನೊಬ್ಬರು ಅದನ್ನು ಕಂಪ್ಯೂಟರಿಗೆ ಹಾಕುತ್ತಾರೆ, ಅನುಮಾನ ಬಂದರೆ ವಿಡಿಯೊ ಹಿಂದಕ್ಕೆ ಓಡಿಸಿ ನೋಡುತ್ತಾರೆ. ಜನರಿಗೆ ಈ ಧ್ವನಿ ಕೇಳಿಸುವುದಿಲ್ಲ, ಸಂಗೀತ ನಿಂತ ಕ್ಷಣಗಳಲ್ಲಿ ನನಗೆ ಅಷ್ಟಿಷ್ಟು ಕೇಳಿಸುತ್ತಿತ್ತು. "ಟ್ರಿಪಲ್ ಲುಟ್ಜ್, ರಿವ್ಯೂ." ಆ 'ರಿವ್ಯೂ' ಎಂಬುದು ಕಿವಿಗೆ ಬಿದ್ದರೆ, ಐಸಿನ ಮೇಲೆ ಮಂಡಿ ಬಗ್ಗಿಸಿ ನಗುತ್ತಾ ವಂದಿಸುತ್ತಿರುವ ಹುಡುಗಿಗೆ ಇನ್ನೂ ಗೊತ್ತಿಲ್ಲದ ಸುದ್ದಿ ನನಗೆ ಗೊತ್ತಿರುತ್ತಿತ್ತು.

ಹಳೆಯ ಕಾಲದಲ್ಲಿ 6.0 ಎಂಬುದೇ ಪೂರ್ಣಾಂಕ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸಿನ ಜೋಡಿ ಸ್ಪರ್ಧೆಯ ರಾದ್ಧಾಂತದ ಮೇಲೆ ಆ ಪದ್ಧತಿ ಹೋಗಿ, ಪ್ರತಿ ಚಲನೆಗೆ ಬೆಲೆ ಕಟ್ಟುವ ಈಗಿನ ಪದ್ಧತಿ ಬಂತು. ಆಗಿನ ಪಟ್ಟಿಯಲ್ಲಿ ಟ್ರಿಪಲ್ ಲುಟ್ಜ್‌ಗೆ 6.0 ಅಂಕ. ಇಳಿಯುವಾಗ ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಾದರೆ ಅಂಕದ ಹಾಳೆಯಲ್ಲಿ ಅದರ ಪಕ್ಕ ಒಂದು ಮೂತಿಗುರುತು (<) ಬೀಳುತ್ತಿತ್ತು, ಬೆಲೆ 4.2ಕ್ಕೆ ಇಳಿಯುತ್ತಿತ್ತು. ಅರ್ಧ ಸುತ್ತು ಕೊರತೆಯಾದರೆ ಎರಡು ಮೂತಿಗುರುತು, ಡಬಲ್ ಲುಟ್ಜ್ ಎಂದೇ ಲೆಕ್ಕ, 2.1. ಬಿದ್ದರೆ ಒಂದು ಅಂಕ ಕಡಿತ ಬೇರೆ. ಇದರಿಂದ ನ್ಯಾಯ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಎಲ್ಲಿ ಕಳೆದುಕೊಂಡೆ ಎಂದು ಮಗುವಿಗೆ ಹಾಳೆಯೇ ಹೇಳುತ್ತದೆ. ಆದರೆ ಮಕ್ಕಳು ಪಕ್ಕದವಳ ಆಟ ನೋಡುವುದನ್ನು ಬಿಟ್ಟು ಪಕ್ಕದವಳ ಹಾಳೆ ನೋಡುವುದನ್ನು ಕಲಿತದ್ದೂ ಇದರಿಂದಲೇ.

ಜೂನಿಯರ್ ಹುಡುಗಿಯರ ಶಾರ್ಟ್ ಪ್ರೋಗ್ರಾಮ್ ಬೆಳಗ್ಗೆ. ಮೂರು ನಿಮಿಷಕ್ಕೂ ಕಡಿಮೆ, ಏನೇನು ಮಾಡಬೇಕೆಂದು ಮೊದಲೇ ನಿಗದಿ. ಯಾವ ಜಂಪು ಎಂಬುದನ್ನೂ ಜೂನಿಯರ್‌ಗಳಿಗೆ ಆ ವರ್ಷದ ನಿಯಮವೇ ಹೇಳುತ್ತಿತ್ತು. ವಾರ್ಮಪ್ಪಿಗೆ ಆರು ನಿಮಿಷ, ಒಂದು ಗುಂಪಿನವರೆಲ್ಲ ಒಟ್ಟಿಗೆ ಐಸಿಗಿಳಿಯುತ್ತಾರೆ. ಟೀವಿಯಲ್ಲಿ ನೋಡಿದವರಿಗೆ ಈ ಆಟದ ವೇಗ ತಿಳಿಯುವುದಿಲ್ಲ. ಐಸಿನ ಪಕ್ಕದಲ್ಲಿ ಕೂತರೆ ಅವರು ಹಾದುಹೋದಾಗ ಗಾಳಿ ಮುಖಕ್ಕೆ ಬಡಿಯುತ್ತದೆ, ಬ್ಲೇಡು ಕಚ್ಚಿದ ಸದ್ದು ಕಾಗದ ಹರಿದಂತೆ ಕೇಳುತ್ತದೆ. ನಮ್ಮ ಹುಡುಗಿ ತಡೆಗೋಡೆಯ ಬಳಿ ಬಂದು ಕೋಚಿನ ಕೈಗೆ ಬ್ಲೇಡಿನ ಗಾರ್ಡು ಕೊಟ್ಟು, ಮೂಗು ಒರೆಸಿಕೊಂಡು, ನನ್ನ ಕಡೆ ನೋಡಲೇ ಇಲ್ಲ. ನೋಡಬಾರದು ಎಂದು ಮೊದಲೇ ಮಾತಾಗಿತ್ತು. ನಾನು ಅವಳ ಸಿ.ಡಿ.ಯನ್ನು ಅಂಗಿಯ ಚುಂಗಿನಲ್ಲಿ ಮತ್ತೊಮ್ಮೆ ಒರೆಸಿ ಹಾಕಿದೆ.

ಮೊದಲ ಜೋಡಿ ಜಂಪು ಬಂತು. ಒಂಟಿ ಜಂಪು ಇಳಿದಳು, ಆದರೆ ಇಳಿದ ಕಾಲು ಸ್ವಲ್ಪ ತಿರುಚಿಕೊಂಡದ್ದು ನನ್ನ ಕಣ್ಣಿಗೂ ಬಿತ್ತು. ಸ್ಪಿನ್ನುಗಳು ಚೆನ್ನಾಗಿದ್ದವು, ಎತ್ತರದ ಹುಡುಗಿಯರಿಗೆ ಅಲ್ಲಿ ಲಾಭ. ಮುಗಿದ ಮೇಲೆ ಅಕ್ಕ ಮೇಲಿನ ಸಾಲಿನಿಂದ ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದಳು, ಭಾವ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ತಮ್ಮ ಹೆಬ್ಬೆರಳನ್ನೇ ಮಾಡಿದ್ದರು ಎಂದು ಆಮೇಲೆ ತಿಳಿಯಿತು.

ಕೆಲವು ಗುಂಪುಗಳಿಗೊಮ್ಮೆ ಜಾಂಬೋನಿ ಬಂದು ಐಸನ್ನು ಕೆರೆದು ಬಿಸಿನೀರು ಎಳೆಯುತ್ತದೆ. ಈ ಯಂತ್ರವೂ ಕ್ಯಾಲಿಫೋರ್ನಿಯಾದ ಮಗುವೇ. ಲಾಸ್ ಏಂಜಲಿಸ್ ಬಳಿಯ ಪ್ಯಾರಮೌಂಟ್ ಎಂಬ ಊರಿನಲ್ಲಿ ರಿಂಕ್ ನಡೆಸುತ್ತಿದ್ದ ಫ್ರ್ಯಾಂಕ್ ಜಾಂಬೋನಿ 1949ರಲ್ಲಿ ಸಿದ್ಧಪಡಿಸಿದ್ದು. ಹಿಮ ಬೀಳದ ಊರಿನವನಿಗೇ ಐಸಿನ ಚಿಂತೆ ಹೆಚ್ಚು. ಆ ಬಿಡುವಿನಲ್ಲಿ ನಾನು ಕೈಗೆ ಬಿಸಿ ಕಾಫಿ ಹಿಡಿದು ಬೆರಳು ಕಾಯಿಸಿಕೊಳ್ಳುತ್ತಿದ್ದೆ.

ಸೀನಿಯರ್ ಹುಡುಗಿಯರ ಫ್ರೀ ಸ್ಕೇಟಿನಲ್ಲಿ, ಅದು ನಾಲ್ಕು ನಿಮಿಷದ್ದು, ಒಬ್ಬಳ ಸಿ.ಡಿ. ಅರ್ಧದಲ್ಲಿ ತೊದಲತೊಡಗಿತು. ಟುರಂಡೊ. ವಯಲಿನುಗಳು ಮೇಲೇರುತ್ತಿದ್ದ ಕಡೆ ಒಂದೇ ಸ್ವರ ಗಡಗಡ ಎಂದು ಸಿಕ್ಕಿಕೊಂಡಿತು. ರೆಫರಿ ಸೀಟಿ ಊದಿದರು. ಹುಡುಗಿ ಜಂಪಿಗೆ ಹಿಂದಕ್ಕೆ ಜಾರುತ್ತಿದ್ದವಳು ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಎದೆ ಏರಿಳಿಯುತ್ತಾ ರೆಫರಿಯ ಬಳಿ ಬಂದಳು. ಅವಳ ಕೋಚು ಜೇಬಿನಲ್ಲಿದ್ದ ಎರಡನೆಯ ಪ್ರತಿ ಹಿಡಿದು ಓಡಿಬಂದರು. ಬಿಟ್ಟ ಜಾಗದಿಂದಲೇ ಮುಂದುವರಿಸಬೇಕು ಎಂಬುದು ನಿಯಮ. ಹೆಡ್‌ಫೋನ್ ಹಾಕಿಕೊಂಡು ಆ ಜಾಗ ಹುಡುಕಿದೆ, ಕೋಚು ನನ್ನ ಭುಜದ ಹಿಂದೆ ಬಗ್ಗಿ ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು "ಇಲ್ಲಿ, ಇಲ್ಲಿಂದ" ಅಂದರು. ಅಷ್ಟು ಹೊತ್ತೂ ಆ ಹುಡುಗಿ ಕಾಲು ತಣ್ಣಗಾಗದಿರಲಿ ಎಂದು ಮೂಲೆಯಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತಿದ್ದಳು. ಮತ್ತೆ ಸಂಗೀತ ಬಂದಾಗ ವೇಗ ಕೂಡಿಸಿಕೊಳ್ಳಲು ಜಾಗವಿಲ್ಲದೆಯೇ ಜಂಪಿಗೆ ಎದ್ದು ನಿಂತುಬಿಟ್ಟಳು. ಇಡೀ ರಿಂಕು ಎದ್ದಿತು. ಅವಳು ಎಂಟನೆಯವಳೋ ಒಂಬತ್ತನೆಯವಳೋ ಆದಳು, ಆದರೆ ಆ ದಿನದ ದೊಡ್ಡ ಚಪ್ಪಾಳೆ ಗೆದ್ದವಳಿಗೆ ಬಿದ್ದದ್ದಲ್ಲ.

ಫಲಿತಾಂಶವನ್ನು ಆಗ ಗೋಡೆಗೆ ಅಂಟಿಸುತ್ತಿದ್ದರು. ಹಾಳೆ ಹಿಡಿದ ಮಹಿಳೆ ಕಾರಿಡಾರಿಗೆ ಬಂದರೆ ಸಾಕು, ಬೂಟು ಬಿಚ್ಚಿದವರು, ಬಿಚ್ಚದವರು, ಅಜ್ಜಿಯರು ಎಲ್ಲರೂ ಹಿಂದೆ. ನಮ್ಮ ಹುಡುಗಿ ಏಳನೆಯವಳು. ಅವಳು ಸ್ಥಾನ ನೋಡುವುದಕ್ಕೆ ಹೋಗಲಿಲ್ಲ. ವಿವರದ ಹಾಳೆ ಸಿಕ್ಕ ಮೇಲೆ ಉಗುರುಬಣ್ಣ ಹಚ್ಚಿದ ಬೆರಳನ್ನು ಸಾಲಿನ ಮೇಲೆ ಇಳಿಸುತ್ತಾ ಲುಟ್ಜ್ ಹತ್ತಿರ ನಿಲ್ಲಿಸಿದಳು. ಒಂದು ಮೂತಿಗುರುತು. "ಎರಡಿಲ್ಲ ಮಾಮಾ, ಒಂದೇ" ಅಂದಳು. ಬೇಸಿಗೆಯಿಡೀ ಎರಡು ಬೀಳುತ್ತಿತ್ತು. ಅಕ್ಕನಿಗೆ ಇದು ಅರ್ಥವಾಗದೆ, ಏಳನೇ ಸ್ಥಾನ ಬಂದರೆ ಈ ಹುಡುಗಿ ಯಾಕೆ ನಗುತ್ತಿದ್ದಾಳೆ ಎಂದು ನನ್ನನ್ನು ಕೇಳಿದಳು. ನನಗೆ ಅರ್ಥವಾಗಿತ್ತು. ಬೆಳಗಿನ ಜಾವದ ತಗಡು ಬೆಂಚಿನ ಸಂಪಾದನೆ ಅದು.

ನನ್ನ ಮನಸ್ಸಿನಲ್ಲಿ ಉಳಿದವಳು ಮಾತ್ರ ಸೀನಿಯರ್ ಗುಂಪಿನ ಐದನೆಯವಳು. ಹೆಸರು ಬೇಡ. ಕಾಲೇಜಿಗೆ ಹೋಗುವ ಮುಂಚಿನ ಕೊನೆಯ ಋತು ಎಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯವಳಿಗೂ ಇವಳಿಗೂ ಒಂದು ಅಂಕದಷ್ಟೂ ಅಂತರವಿರಲಿಲ್ಲ. ನಾನು ಸಿ.ಡಿ.ಗಳನ್ನು ವಾಪಸು ಕೊಡುತ್ತಾ ಕೂತಿದ್ದಾಗ ಜಾಕೆಟ್ ಜಿಪ್ಪು ಗಲ್ಲದ ತನಕ ಎಳೆದುಕೊಂಡು ಬಂದಳು. ಕಣ್ಣಿನ ಕಾಡಿಗೆ ಒರೆಸಿಕೊಂಡಿದ್ದಳು. ತನ್ನ ಎರಡೂ ಸಿ.ಡಿ. ತೆಗೆದುಕೊಂಡು, "ಸರಿಯಾದ ಹೊತ್ತಿಗೆ ಶುರು ಮಾಡಿದಿರಿ, ಥ್ಯಾಂಕ್ಸ್" ಅಂದಳು. ಐದನೆಯವರನ್ನು ಕಾಯ್ದಿರಿಸಿದವರ ಪಟ್ಟಿಯಲ್ಲಿ ಇಡುತ್ತಿದ್ದರು. ಮೇಲಿನ ನಾಲ್ವರಲ್ಲಿ ಯಾರಾದರೂ ಗಾಯವಾಗಿ ಬಿಟ್ಟರೆ ಕರೆ ಬರಬಹುದು. ಹಾಗಾಗಿ ನವೆಂಬರಿನ ತನಕ ಅವಳು ಅಭ್ಯಾಸ ನಿಲ್ಲಿಸುವಂತಿಲ್ಲ. ಬೇರೆಯವರ ಕಾಲು ಉಳುಕಿದರೆ ಮಾತ್ರ ಸಿಗುವ ಅವಕಾಶಕ್ಕೆ ದಿನಾ ಬೆಳಗ್ಗೆ ಏಳಬೇಕು. ಅವಳು ಎದ್ದಳು, ನಾನು ಅದೇ ರಿಂಕಿನಲ್ಲಿ ನೋಡಿದ್ದೇನೆ. ಕರೆ ಬರಲಿಲ್ಲ.

ಹುಡುಗರ ಕಡೆ ಈ ಸಂಕಟವಿರಲಿಲ್ಲ. ಸೀನಿಯರ್ ಹುಡುಗರು ಅಂಥ ಕೂಟದಲ್ಲಿ ಮೂವರೋ ನಾಲ್ವರೋ ಇರುತ್ತಿದ್ದರು. ನಾಲ್ವರಿದ್ದರೆ ನಾಲ್ವರೂ ಮುಂದಕ್ಕೆ. ಹುಡುಗಿಯರಿಗೆ ಬಾಗಿಲು ಕಿರಿದು, ಹುಡುಗರಿಗೆ ಬಾಗಿಲೇ ಇಲ್ಲ. ಇದು ಅನ್ಯಾಯ ಎಂದು ನಮ್ಮ ಹುಡುಗಿ ಹೇಳುತ್ತಿದ್ದಳು. ಅವಳ ಜೊತೆ ಅಭ್ಯಾಸ ಮಾಡುತ್ತಿದ್ದ ಹುಡುಗನೊಬ್ಬ, ಶಾಲೆಯಲ್ಲಿ ನನ್ನನ್ನು ಏನೆಂದು ಕೂಗುತ್ತಾರೆ ಎಂದು ಗೊತ್ತಾ ನಿನಗೆ, ಎಂದು ಕೇಳಿದ ಮೇಲೆ ಆ ವಾದ ನಿಲ್ಲಿಸಿದಳು.

ಇದಕ್ಕೂ ಮುಂಚೆ, 2012ರ ಜನವರಿಯಲ್ಲಿ ಸ್ಯಾನ್ ಹೋಸೆಯ ದೊಡ್ಡ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ಕೂಟ ನಡೆದಾಗ ನಾವೆಲ್ಲ ದುಡ್ಡು ಕೊಟ್ಟು ಹೋಗಿದ್ದೆವು. ದೀಪ, ದೊಡ್ಡ ಪರದೆ, ಗೆದ್ದವರು ಅಳುವ ಸೋಫಾ ಎಲ್ಲ ಇತ್ತು. ಚೆನ್ನಾಗಿಯೇ ಇತ್ತು, ಆದರೆ ಅಲ್ಲಿ ಟ್ರಿಪಲ್ ಜಂಪುಗಳು ಎಷ್ಟು ಸಲೀಸಾಗಿ ಬೀಳುತ್ತಿದ್ದವೆಂದರೆ, ಅದೇನು ದೊಡ್ಡ ವಿಷಯ ಅನ್ನಿಸಿಬಿಟ್ಟಿತು. ಪ್ರಾದೇಶಿಕದಲ್ಲಿ ಕೂತ ಮೇಲೆ ಹಾಗೆ ಅನ್ನಿಸಲಿಲ್ಲ. ಒಂದೇ ಗುಂಪಿನಲ್ಲಿ ಆ ಜಂಪನ್ನು ಒಬ್ಬಳು ಬಿಟ್ಟೇ ಬಿಡುತ್ತಾಳೆ, ಒಬ್ಬಳು ಎರಡೇ ಸುತ್ತಿಗೆ ಬಿಚ್ಚಿಕೊಳ್ಳುತ್ತಾಳೆ, ಒಬ್ಬಳು ಬೀಳುತ್ತಾಳೆ, ಇನ್ನೊಬ್ಬಳು ಎರಡು ಕಾಲೂರಿ ಉಳಿಸಿಕೊಳ್ಳುತ್ತಾಳೆ, ಐದನೆಯವಳು ಹಗುರಾಗಿ ಇಳಿದು ಹಿಂದಕ್ಕೆ ಉದ್ದ ಜಾರಿಹೋಗುತ್ತಾಳೆ. ಆ ಐದನ್ನೂ ಅರ್ಧ ಗಂಟೆಯೊಳಗೆ ನೋಡಿದವನಿಗೆ ಈ ಆಟ ಯಾವುದರಿಂದ ಆಗಿದೆ ಎಂದು ತಿಳಿಯುತ್ತದೆ. ಒಲಿಂಪಿಕ್ಸ್ ಮಾತ್ರ ನೋಡುವವರಿಗೆ ಇದು ಸಿಗುವುದಿಲ್ಲ. ಎರಡರಲ್ಲಿ ಒಂದನ್ನೇ ನೋಡು ಎಂದರೆ ನಾನು ಪ್ರಾದೇಶಿಕವನ್ನೇ ನೋಡುತ್ತೇನೆ.

ನಮ್ಮ ಹುಡುಗಿ ಮುಂದೆ ಸೀನಿಯರ್ ಪರೀಕ್ಷೆ ಪಾಸು ಮಾಡಿದಳು, ವಿಭಾಗ ಮಟ್ಟಕ್ಕೆ ಹೋಗಲಿಲ್ಲ. ಈಗ ಕೆಲಸದ ಜೊತೆ ವಾರಾಂತ್ಯದಲ್ಲಿ ಪುಟ್ಟ ಮಕ್ಕಳಿಗೆ ಐಸಿನ ಮೇಲೆ ನಿಲ್ಲುವುದನ್ನು ಹೇಳಿಕೊಡುತ್ತಾಳೆ; ಮೊದಲ ಪಾಠ, ಬೀಳುವುದು ಹೇಗೆ, ಎದ್ದೇಳುವುದು ಹೇಗೆ. ಸಿ.ಡಿ.ಗಳ ಕಾಲ ಮುಗಿದು ಸಂಗೀತದ ಕಡತಗಳನ್ನು ಮೊದಲೇ ಕಳಿಸುವ ಪದ್ಧತಿ ಬಂದಿದೆ, ಅರ್ಹತೆಯ ನಿಯಮಗಳೂ ಹಿಂದಿನಂತೆಯೇ ಉಳಿದಿಲ್ಲ. ಆದರೆ ಕ್ಲಬ್ಬುಗಳಿಗೆ ಜನ ಸಾಲದು ಎಂಬುದು ಹಾಗೆಯೇ ಇದೆ.

ಕೊಲ್ಲಿ ಸೀಮೆಯಲ್ಲೋ ಇನ್ನಾವ ಊರಿನಲ್ಲೋ ರಿಂಕಿನ ಹತ್ತಿರ ಇರುವ ಕನ್ನಡಿಗರಿಗೆ ನನ್ನದೊಂದು ಮಾತು. ನಿಮ್ಮ ಮನೆಯಲ್ಲಿ ಸ್ಕೇಟಿಂಗ್ ಮಾಡುವ ಮಗು ಇರಲೇಬೇಕೆಂದಿಲ್ಲ. ಹತ್ತಿರದ ಕ್ಲಬ್ಬಿಗೆ ಹೋಗಿ ಹೆಸರು ಕೊಡಿ. ಬಾಗಿಲು ಕಾಯುವುದೋ, ಹಾಳೆ ಅಂಟಿಸುವುದೋ, ಏನಾದರೂ ಕೆಲಸ ಕೊಡುತ್ತಾರೆ. ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ, ಮೊದಲ ಗುಂಪು ಐಸಿಗಿಳಿಯುವ ಮುಂಚೆಯೇ ಹೋಗಿ. ಎಲ್ಲರೂ ಕೊನೆಯ ಗುಂಪು ನೋಡುವುದಕ್ಕೆ ಬರುತ್ತಾರೆ, ಮೊದಲ ಗುಂಪಿನ ಮಕ್ಕಳಿಗೆ ಚಪ್ಪಾಳೆ ಹೊಡೆಯಲು ಜನ ಬೇಕು.